ಎತ್ತರಿಸಿದ ಜೀಪಿಗೆ ಚಕ್ರ ಮತ್ತು ಟೈರುಗಳ ಆಯ್ಕೆ

(ಬೆಳೆಗಾರರ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಮಲೆನಾಡು ಹಾಗೂ ಕೊಡಗಿನ ತೋಟಗಳಿಗೂ ಜೀಪಿಗೂ ಇರುವ ನಂಟು ಹಳೆಯದು. 1940ರ ದಶಕದ ಕೊನೆಯಲ್ಲಿ ಮಹೀಂದ್ರಾ ಕಂಪನಿಯು ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲಾರಂಭಿಸಿದ ಮೇಲೆ, ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆಯುವ ಈ ವಾಹನ ಕಾಫಿ, ಏಲಕ್ಕಿ, ಅಡಿಕೆ ತೋಟಗಳ ದಿನಬಳಕೆಗೆ ಬಂದಿತು. 1985ರಲ್ಲಿ ಮಾರುತಿ ಜಿಪ್ಸಿ, 2010ರಲ್ಲಿ ಥಾರ್, 2023ರಲ್ಲಿ ಜಿಮ್ನಿ ಬಂದವು. ಗೊಬ್ಬರ ಒಯ್ಯುವುದು, ಕಾಫಿ ಹಣ್ಣಿನ ಮೂಟೆಗಳನ್ನು ಕಣಕ್ಕೆ ತರುವುದು, ಆಳುಗಳನ್ನು ಕರೆತರುವುದು, ರಾತ್ರಿ ವೇಳೆ ಕಾಯಿಲೆಯವರನ್ನು ಆಸ್ಪತ್ರೆಗೆ ಮುಟ್ಟಿಸುವುದು, ಈ ಎಲ್ಲ ಕೆಲಸಕ್ಕೂ ಮಳೆಗಾಲದಲ್ಲಿ ಇದೇ ಗತಿ.

ಇತ್ತೀಚಿನ ವರ್ಷಗಳಲ್ಲಿ ಜೀಪನ್ನು ಎತ್ತರಿಸುವ ರೂಢಿ ಹೆಚ್ಚಾಗಿದೆ. ಸ್ಪ್ರಿಂಗಿಗೆ ಇನ್ನೊಂದು ಪ್ಲೇಟು ಸೇರಿಸಿ, ಉದ್ದನೆಯ ಶ್ಯಾಕಲ್ ಹಾಕಿ, ಇಲ್ಲವೇ ಕಾಯಿಲ್ ಸ್ಪ್ರಿಂಗಿನ ಕೆಳಗೆ ಕಟ್ಟೆ ಕೊಟ್ಟು ವಾಹನವನ್ನು ಎರಡು ಮೂರು ಅಂಗುಲ ಮೇಲೆತ್ತುತ್ತಾರೆ. ಆಮೇಲೆ ಚಕ್ರದ ಕಮಾನಿನಲ್ಲಿ ಕಾಣುವ ಖಾಲಿ ಜಾಗಕ್ಕೆ ತಕ್ಕಂತೆ ದಪ್ಪನೆಯ ಟೈರುಗಳನ್ನು ತಂದು ಹಾಕುತ್ತಾರೆ. ಈ ಕ್ರಮವೇ ತಿರುಗುಮುರುಗು. ಮೊದಲು ತೋಟದ ದಾರಿ ನೋಡಬೇಕು, ಅದಕ್ಕೆ ಬೇಕಾದ ಟೈರನ್ನು ನಿಶ್ಚಯಿಸಬೇಕು, ಆ ಟೈರಿಗೆ ಜಾಗ ಸಾಲದಿದ್ದರೆ ಮಾತ್ರ ಎಷ್ಟು ಬೇಕೋ ಅಷ್ಟೇ ಎತ್ತರಿಸುವ ಯೋಚನೆ ಮಾಡಬೇಕು.

ಎತ್ತರ ಎಲ್ಲಿ ಬೇಕು?

ಕೊರಕಲು ಬಿದ್ದ ದಾರಿಯಲ್ಲಿ ಜೀಪು ಹೊಟ್ಟೆ ಊರಿ ನಿಲ್ಲುವಾಗ ಸಾಮಾನ್ಯವಾಗಿ ಮೊದಲು ನೆಲಕ್ಕೆ ತಾಗುವುದು ಆಕ್ಸಲಿನ ನಡುವೆ ಇರುವ ಡಿಫರೆನ್ಷಿಯಲ್ ಪೆಟ್ಟಿಗೆ. ಹಳೆಯ ಮಾದರಿಯ ಜೀಪುಗಳಲ್ಲಿ ನೆಲಕ್ಕೂ ಇದಕ್ಕೂ ನಡುವೆ ಸುಮಾರು 20 ಸೆಂ.ಮೀ. ಮಾತ್ರ ಅಂತರವಿರುತ್ತದೆ. ಈಗ ಸ್ಪ್ರಿಂಗಿಗೆ ಪ್ಲೇಟು ಸೇರಿಸಿ ಎರಡು ಅಂಗುಲ ಎತ್ತರಿಸಿದರೆ ಈ ಅಂತರ ಎಷ್ಟು ಹೆಚ್ಚಾಗುತ್ತದೆ? ಏನೂ ಹೆಚ್ಚಾಗುವುದಿಲ್ಲ. ಸ್ಪ್ರಿಂಗು ಇರುವುದು ಆಕ್ಸಲಿಗೂ ಚಾಸಿಸ್ಸಿಗೂ ನಡುವೆ. ಆದುದರಿಂದ ಮೇಲೇರುವುದು ಚಾಸಿಸ್ಸು, ಬಾಡಿ, ಎಂಜಿನ್ನು, ಕುಳಿತವರು ಮತ್ತು ಹೇರಿದ ಮೂಟೆಗಳು. ಆಕ್ಸಲು ಇದ್ದಲ್ಲಿಯೇ ಇರುತ್ತದೆ.

ಆಕ್ಸಲನ್ನು ನೆಲದಿಂದ ಮೇಲೆತ್ತುವ ಸಾಧನ ಎತ್ತರದ ಟೈರು ಒಂದೇ. ಅದೂ ಟೈರಿನ ವ್ಯಾಸದಲ್ಲಿ ಹೆಚ್ಚಾದುದರ ಅರ್ಧದಷ್ಟು ಮಾತ್ರ ಲಾಭ. ವ್ಯಾಸ 5 ಸೆಂ.ಮೀ. ಹೆಚ್ಚಿದರೆ ಆಕ್ಸಲು ಏರುವುದು ಎರಡೂವರೆ ಸೆಂ.ಮೀ. ಹಾಗೆಂದು ಸ್ಪ್ರಿಂಗು ಎತ್ತರಿಸುವುದರಿಂದ ಪ್ರಯೋಜನವೇ ಇಲ್ಲವೆಂದಲ್ಲ. ತೋಡು ದಾಟುವಾಗ ಮುಂದಿನ ಬಂಪರು, ದಿಬ್ಬದ ನೆತ್ತಿಯಲ್ಲಿ ಚಾಸಿಸ್ಸಿನ ನಡುಭಾಗ ತಾಗದಂತೆ ಅದು ಕಾಯುತ್ತದೆ. ಆದರೆ ಆಕ್ಸಲು ತಾಗುವ ದಾರಿಗೆ ಅದು ಔಷಧವಲ್ಲ.

ಟೈರಿನ ಅಂಕಿಗಳನ್ನು ಓದುವ ಬಗೆ

ಹಳೆಯ ಜೀಪಿನ ಟೈರಿನ ಮೇಲೆ 6.00-16 ಎಂದಿರುತ್ತದೆ. ಮೊದಲ ಅಂಕಿ ಟೈರಿನ ಅಗಲ, ಎರಡನೆಯದು ರಿಮ್ಮಿನ ವ್ಯಾಸ, ಎರಡೂ ಅಂಗುಲದಲ್ಲಿ. ಇದರ ಒಟ್ಟು ಎತ್ತರ ಸುಮಾರು 73 ಸೆಂ.ಮೀ. ಅದೇ ರಿಮ್ ವ್ಯಾಸದ 7.00-16 ಟೈರು ಸುಮಾರು 77-78 ಸೆಂ.ಮೀ. ಎತ್ತರವಿರುತ್ತದೆ.

ಈಗಿನ ರೇಡಿಯಲ್ ಟೈರುಗಳಲ್ಲಿ 235/75 ಆರ್ 15 ಎಂಬಂತೆ ಬರೆದಿರುತ್ತಾರೆ. 235 ಎಂಬುದು ಅಗಲ, ಮಿಲಿಮೀಟರಿನಲ್ಲಿ. 75 ಎಂದರೆ ಟೈರಿನ ಪಕ್ಕೆಯ ಎತ್ತರ ಅಗಲದ ನೂರಕ್ಕೆ 75 ಭಾಗ. 15 ಎಂಬುದು ರಿಮ್ಮಿನ ವ್ಯಾಸ, ಅಂಗುಲದಲ್ಲಿ. ಲೆಕ್ಕ ಸುಲಭ: 235ರ ನೂರಕ್ಕೆ 75 ಎಂದರೆ ಸುಮಾರು 176 ಮಿ.ಮೀ.; ಮೇಲೆ ಕೆಳಗೆ ಎರಡು ಪಕ್ಕೆ ಸೇರಿ 352. ರಿಮ್ಮು 15 ಅಂಗುಲ, ಅಂದರೆ 381 ಮಿ.ಮೀ. ಎರಡನ್ನೂ ಕೂಡಿದರೆ ಟೈರಿನ ವ್ಯಾಸ ಸುಮಾರು 733 ಮಿ.ಮೀ. ಹೀಗೆಯೇ ಜಿಮ್ನಿಯ 195/80 ಆರ್ 15 ಟೈರು 693 ಮಿ.ಮೀ., 2020ರ ಥಾರಿನ 245/75 ಆರ್ 16 ಟೈರು 774 ಮಿ.ಮೀ., ಅದೇ ಥಾರಿನ 255/65 ಆರ್ 18 ಟೈರು 789 ಮಿ.ಮೀ. ಆಗುತ್ತದೆ. ರಿಮ್ಮು ದೊಡ್ಡದಾದ ಮಾತ್ರಕ್ಕೆ ಟೈರು ಅಷ್ಟೇ ಎತ್ತರವಾಗುವುದಿಲ್ಲ ಎಂಬುದನ್ನು ಈ ಕೊನೆಯ ಎರಡು ಅಂಕಿಗಳಲ್ಲಿ ನೋಡಬಹುದು. ರಿಮ್ಮು ಎರಡು ಅಂಗುಲ ಬೆಳೆದರೂ ಟೈರು ಬೆಳೆದದ್ದು 15 ಮಿ.ಮೀ. ಮಾತ್ರ, ಪಕ್ಕೆಯ ರಬ್ಬರು ಮಾತ್ರ ತೆಳ್ಳಗಾಯಿತು. ಕಲ್ಲುದಾರಿಯ ತೋಟಕ್ಕೆ ಎತ್ತರದ ಪಕ್ಕೆಯೇ ಲೇಸು. ಅದು ಪೆಟ್ಟನ್ನು ನುಂಗುತ್ತದೆ, ರಿಮ್ಮು ಸೊಟ್ಟಗಾಗುವುದು ಕಡಿಮೆ. ದೊಡ್ಡ ರಿಮ್ಮು ಪೇಟೆಯ ಶೋಕಿ.

ಇನ್ನೊಂದು ಬಗೆ 31x10.5 ಆರ್ 15. ಇಲ್ಲಿ 31 ಎಂಬುದು ಟೈರಿನ ಪೂರ್ಣ ಎತ್ತರ, 10.5 ಅಗಲ, ಎಲ್ಲವೂ ಅಂಗುಲದಲ್ಲಿಯೇ. ಇದರ ವ್ಯಾಸ 787 ಮಿ.ಮೀ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವಿರುವುದರಿಂದ ಕೊಳ್ಳುವ ಮುನ್ನ ಟೇಪು ಹಿಡಿದು ಅಳೆಯುವುದು ಉತ್ತಮ.

ಇಲ್ಲಿ ಒಂದು ಎಚ್ಚರಿಕೆ. ಟ್ರಾಕ್ಟರಿನ ಮುಂದಿನ ಚಕ್ರಕ್ಕೂ 6.00-16 ಅಳತೆಯ ಟೈರು ಬರುತ್ತದೆ. ಅಳತೆ ಒಂದೇ, ರಿಮ್ಮಿಗೂ ಕೂರುತ್ತದೆ. ಆದರೆ ಉದ್ದುದ್ದ ಏಣುಗಳಿರುವ ಆ ಟೈರನ್ನು ಮಾಡಿರುವುದು ಗಂಟೆಗೆ 30-40 ಕಿ.ಮೀ. ವೇಗಕ್ಕೆ. ಪಕ್ಕೆಯ ಮೇಲೆ ಎ6 ಎಂದಿದ್ದರೆ 30, ಎ8 ಎಂದಿದ್ದರೆ 40 ಕಿ.ಮೀ. ಮಿತಿ. ಅದನ್ನು ಜೀಪಿಗೆ ತೊಡಿಸಿ ಘಾಟಿ ಇಳಿಯುವುದು ಪ್ರಾಣಕ್ಕೆ ಸಂಚಕಾರ.

ದೊಡ್ಡ ಟೈರಿನ ಬೆಲೆ ಅಂಗಡಿಯಲ್ಲಿ ಮುಗಿಯುವುದಿಲ್ಲ

ಒಬ್ಬ ಬೆಳೆಗಾರರು ತಮ್ಮ ಜೀಪಿನ 235/75 ಆರ್ 15 ಟೈರುಗಳನ್ನು ತೆಗೆದು 31x10.5 ಆರ್ 15 ಹಾಕಿಸಿದರೆಂದು ಇಟ್ಟುಕೊಳ್ಳೋಣ. ವ್ಯಾಸ 733ರಿಂದ 787ಕ್ಕೆ ಏರಿತು, ಅಂದರೆ ನೂರಕ್ಕೆ 7ಕ್ಕಿಂತ ಸ್ವಲ್ಪ ಹೆಚ್ಚು. ಆಕ್ಸಲಿಗೆ ಸಿಕ್ಕ ಲಾಭ 27 ಮಿ.ಮೀ., ಒಂದು ಅಂಗುಲವೆನ್ನಬಹುದು. ಇದಕ್ಕೆ ಅವರು ತೆತ್ತದ್ದು ಏನು?

ಮೊದಲನೆಯದು ಎಳೆತದ ಬಲ. ಎಂಜಿನ್ನು ಅದೇ, ಗೇರುಗಳೂ ಅವೇ. ಆದರೆ ಚಕ್ರ ದೊಡ್ಡದಾದುದರಿಂದ ನೆಲಕ್ಕೆ ಮುಟ್ಟುವ ಬಲ ನೂರಕ್ಕೆ ಸುಮಾರು 7ರಷ್ಟು ಇಳಿಯಿತು. ಆಕ್ಸಲಿನ ಗೇರು ಅನುಪಾತ 4.88 ಇದ್ದರೆ ಅದು 4.55ರಂತೆ ವರ್ತಿಸುತ್ತದೆ. ಬಯಲಿನಲ್ಲಿ ಇದು ತಿಳಿಯದು. ಮೂಟೆ ಹೇರಿಕೊಂಡು ಏರಿನ ನಡುವೆ ನಿಂತು ಮತ್ತೆ ಹೊರಡುವಾಗ ಕ್ಲಚ್ಚು ಸುಟ್ಟ ವಾಸನೆಯಿಂದ ತಿಳಿಯುತ್ತದೆ. ಇಳಿಜಾರಿನಲ್ಲಿಯೂ ಹಾಗೆಯೇ: ಕೆಳ ಗೇರಿನಲ್ಲಿ ಎಂಜಿನ್ನು ವಾಹನವನ್ನು ತಡೆದು ಹಿಡಿಯುವ ಶಕ್ತಿ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಎರಡನೆಯದು ಬ್ರೇಕು. ಬ್ರೇಕಿನ ಡ್ರಮ್ಮು ಮೊದಲಿನದೇ ಇದ್ದು ಚಕ್ರದ ತ್ರಿಜ್ಯ ಹೆಚ್ಚಿದಾಗ ಅದೇ ಒತ್ತುವಿಕೆಗೆ ನೆಲದ ಮೇಲೆ ದೊರೆಯುವ ತಡೆ ಕಡಿಮೆ. ಜೊತೆಗೆ ಟೈರಿನ ತೂಕವೂ ಹೆಚ್ಚು, ಅದು ತಿರುಗುತ್ತಿರುವ ತೂಕ. ಪೆಡಲನ್ನು ಗಟ್ಟಿಯಾಗಿ ಒತ್ತಬೇಕಾಗುತ್ತದೆ.

ಮೂರನೆಯದು ವೇಗಮಾಪಕ. ಮುಳ್ಳು 60 ತೋರಿಸುವಾಗ ಜೀಪು ನಿಜವಾಗಿ 64ರಲ್ಲಿ ಓಡುತ್ತಿರುತ್ತದೆ. ಕಿಲೋಮೀಟರುಗಳ ಲೆಕ್ಕವೂ ಕಡಿಮೆ ಬೀಳುವುದರಿಂದ ಎಣ್ಣೆ ಬದಲಿಸುವ ಕಾಲ ದಾಟಿಹೋಗುವುದುಂಟು.

ವ್ಯಾಸದಲ್ಲಿ ನೂರಕ್ಕೆ 3ರವರೆಗಿನ ಹೆಚ್ಚಳವನ್ನು ಜೀಪು ಅಷ್ಟಾಗಿ ಲೆಕ್ಕಿಸದು. 7-8ಕ್ಕೆ ಹೋದರೆ ಚಾಲಕ ಕೆಳ ಗೇರುಗಳನ್ನು ಹೆಚ್ಚು ಬಳಸಲು ಕಲಿಯಬೇಕು. ಅದಕ್ಕೂ ಮೇಲೆ ಹೋಗುವವರು ಆಕ್ಸಲಿನ ಕ್ರೌನು-ಪಿನಿಯನ್ ಬದಲಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು. ಆ ಖರ್ಚು ತೋಟಕ್ಕೆ ಗಿಟ್ಟುವುದು ಅಪರೂಪ.

ಅಗಲವೋ, ಎತ್ತರವೋ?

ಅಗಲವಾದ ಟೈರು ಕೆಸರಿನಲ್ಲಿ ಹೆಚ್ಚು ಹಿಡಿಯುತ್ತದೆಂಬ ನಂಬಿಕೆ ಬಲವಾಗಿದೆ. ಇದು ಅರ್ಧ ಸತ್ಯ. ಟೈರು ನೆಲವನ್ನು ಒತ್ತುವ ಜಾಗವನ್ನು ಮುಖ್ಯವಾಗಿ ನಿರ್ಧರಿಸುವುದು ಅದರ ಮೇಲಿನ ಭಾರ ಮತ್ತು ಒಳಗಿನ ಗಾಳಿಯ ಒತ್ತಡ. ಒಂದು ಚಕ್ರದ ಮೇಲೆ 400 ಕಿಲೋ ಭಾರವಿದ್ದು, ಗಾಳಿ ಚದರ ಸೆಂ.ಮೀ.ಗೆ 2 ಕಿಲೋ ಇದ್ದರೆ, ಟೈರು ಸುಮಾರು 200 ಚದರ ಸೆಂ.ಮೀ. ನೆಲವನ್ನು ಒತ್ತುತ್ತದೆ. ಟೈರು ಅಗಲವಿದ್ದರೆ ಈ ಜಾಗ ಅಡ್ಡಲಾಗಿ ಹರಡುತ್ತದೆ, ಕಿರಿದಾಗಿದ್ದರೆ ಉದ್ದಕ್ಕೆ ಹರಡುತ್ತದೆ, ಅಷ್ಟೆ. ಅದೇ ಟೈರಿನ ಗಾಳಿಯನ್ನು 1.4 ಕಿಲೋಗೆ ಇಳಿಸಿದರೆ ಜಾಗ ಸುಮಾರು 285 ಚದರ ಸೆಂ.ಮೀ. ಆಗುತ್ತದೆ. ಪಂಕ್ಚರ್ ಅಂಗಡಿಯ ಭಾಷೆಯಲ್ಲಿ ಹೇಳುವುದಾದರೆ 28 ಪೌಂಡಿನಿಂದ 20 ಪೌಂಡಿಗೆ ಇಳಿಸಿದಂತೆ. ಒಂದು ಕಾಸು ಖರ್ಚಿಲ್ಲದೆ ಸಿಗುವ ಈ ಲಾಭವನ್ನು ಬಿಟ್ಟು ದುಬಾರಿ ಟೈರಿಗೆ ಹಣ ಸುರಿಯುವವರೇ ಹೆಚ್ಚು. ಆದರೆ ಗಾಳಿ ಇಳಿಸಿದಾಗ ಗಂಟೆಗೆ 20 ಕಿ.ಮೀ. ಮೀರಬಾರದು, ಭಾರ ಹೇರಬಾರದು, ಟಾರು ರಸ್ತೆ ಮುಟ್ಟುವ ಮುನ್ನ ಪಂಪಿನಿಂದ ಮತ್ತೆ ತುಂಬಬೇಕು. ಟ್ಯೂಬು ಇರುವ ಟೈರಿನಲ್ಲಿ ಗಾಳಿ ತೀರಾ ಇಳಿದರೆ ಟೈರು ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವು ಕಿತ್ತು ಬರುತ್ತದೆ.

ಮಲೆನಾಡಿನ ತೋಟದ ದಾರಿಗಳಲ್ಲಿ ಮೇಲೆ ನಾಲ್ಕಾರು ಅಂಗುಲ ಕೆಸರು, ಅದರ ಕೆಳಗೆ ಗಟ್ಟಿ ಜಂಬಿಟ್ಟಿಗೆ ಅಥವಾ ಕಲ್ಲು ಇರುವುದು ಸಾಮಾನ್ಯ. ಇಂಥ ಕಡೆ ಎತ್ತರವಿದ್ದು ಕಿರಿದಾದ ಟೈರು ಕೆಸರನ್ನು ಕೊಯ್ದುಕೊಂಡು ಇಳಿದು ಗಟ್ಟಿ ನೆಲ ಹಿಡಿಯುತ್ತದೆ. ಅಗಲದ್ದು ಕೆಸರಿನ ಮೇಲೆಯೇ ತೇಲಿ ಅಡ್ಡ ಜಾರುತ್ತದೆ. ದಶಕಗಳ ಓಡಾಟದಿಂದ ಬಿದ್ದಿರುವ ಚಕ್ರದ ಜಾಡುಗಳೂ ಕಿರಿದಾದವೇ. ಅಗಲದ ಟೈರು ಆ ಜಾಡಿನ ಅಂಚಿಗೆ ಉಜ್ಜಿಕೊಂಡು ಪಕ್ಕೆ ಹರಿದುಕೊಳ್ಳುತ್ತದೆ. ತಳವೇ ಸಿಗದ ಹುದುಲು ಮತ್ತು ಸಮುದ್ರದಂಡೆಯ ಮರಳಿನಲ್ಲಿ ಮಾತ್ರ ಅಗಲದ ಟೈರಿಗೆ ಮೇಲುಗೈ. ಆದಕಾರಣ ಹಳೆಯ ಜೀಪಿಗೆ ಎತ್ತರ ಬೇಕೇ ಬೇಕೆನ್ನುವ ತೋಟದವರು 31x10.5ಕ್ಕಿಂತ 7.00-16ರಂತಹ ಕಿರಿದಾದ ಟೈರನ್ನು ಪರಿಶೀಲಿಸುವುದು ವಿವೇಕ. ಆಕ್ಸಲಿನ ಎತ್ತರದಲ್ಲಿ ಇವೆರಡಕ್ಕೂ ಇರುವ ಅಂತರ ಅರ್ಧ ಸೆಂಟಿಮೀಟರಿನಷ್ಟು ಮಾತ್ರ.

ಟೈರಿನ ಹಲ್ಲಿನ ವಿಷಯದಲ್ಲಿಯೂ ಇದೇ ವಿವೇಚನೆ ಬೇಕು. ದೊಡ್ಡ ಹಲ್ಲು, ದೊಡ್ಡ ಸಂದು ಇರುವ ಮಡ್ ಟೈರು ಜಿಗುಟು ಮಣ್ಣನ್ನು ಕೊಡವಿಕೊಳ್ಳುತ್ತದೆ, ನಿಜ. ಆದರೆ ಒದ್ದೆಯಾದ ಟಾರಿನ ಮೇಲೆ ಅದರ ಹಿಡಿತ ಕಡಿಮೆ, ಸವೆತ ಹೆಚ್ಚು, ಸದ್ದೂ ಹೆಚ್ಚು. ದಿನವೂ ಪೇಟೆಗೆ ಹೋಗುವ, ಮಳೆಯಲ್ಲಿ ಚಾರ್ಮಾಡಿಯನ್ನೋ ಸಂಪಾಜೆಯನ್ನೋ ಇಳಿಯುವ ಜೀಪಿಗೆ ಎರಡಕ್ಕೂ ಒದಗುವ ಆಲ್-ಟೆರೇನ್ ಟೈರು ಸೂಕ್ತ. ತೀರಾ ಜಾರುವ ಎರಡು ತಿಂಗಳಿಗೆ ಹಿಂದಿನಿಂದ ಬಂದ ಸರಪಣಿ ಇದ್ದೇ ಇದೆ. ಸರಪಣಿ ಕಟ್ಟುವವರು ಒಂದನ್ನು ಮರೆಯಬಾರದು: ಟೈರು ದೊಡ್ಡದಾದಷ್ಟೂ ಸರಪಣಿಗೆ ಜಾಗ ಕಡಿಮೆ. ಸ್ಪ್ರಿಂಗಿಗೋ ಬ್ರೇಕಿನ ಪೈಪಿಗೋ ಸರಪಣಿ ಬಡಿದರೆ ಆಗುವ ಅನಾಹುತ ಹೇಳಬೇಕಾಗಿಲ್ಲ.

ರಿಮ್ಮಿನ ಆಯ್ಕೆ

ಟೈರಿಗೆ ತಕ್ಕ ಅಗಲದ ರಿಮ್ಮು ಬೇಕು. 6.00-16ಕ್ಕೆ ನಾಲ್ಕೂವರೆ ಅಂಗುಲ, 7.00-16ಕ್ಕೆ ಐದೂವರೆ ಅಂಗುಲ, 235/75 ಆರ್ 15ಕ್ಕೆ ಆರರಿಂದ ಎಂಟು, 31x10.5ಕ್ಕೆ ಏಳರಿಂದ ಒಂಬತ್ತು ಅಂಗುಲ ಅಗಲದ ರಿಮ್ಮು ಸರಿಹೊಂದುತ್ತದೆ. ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ನಡುಭಾಗ ಉಬ್ಬಿ ಅಲ್ಲಿಯೇ ಸವೆಯುತ್ತದೆ.

ಬೋಲ್ಟುಗಳ ವೃತ್ತ ಸರಿಹೊಂದಿದರೆ ಸಾಕೆಂದು ತಿಳಿಯುವುದು ತಪ್ಪು. ವಿಲ್ಲಿಸ್ ಮಾದರಿಯ ಜೀಪಿಗೂ ಜಿಪ್ಸಿಗೂ 139.7 ಮಿ.ಮೀ. ವೃತ್ತದಲ್ಲಿ ಐದೈದು ಬೋಲ್ಟುಗಳೇ. ಆದರೂ ರಿಮ್ಮಿನ ನಡುತೂತು ಹಬ್ಬಿಗೆ ಸರಿಯಾಗಿ ಕೂರುವುದೇ, ನಟ್ಟಿನ ಕೋನ ಒಂದೇ ಆಗಿದೆಯೇ, ರಿಮ್ಮು ಎಷ್ಟು ಒಳಕ್ಕೆ ಅಥವಾ ಹೊರಕ್ಕೆ ನಿಲ್ಲುತ್ತದೆ ಎಂಬುದನ್ನು ನೋಡಲೇಬೇಕು. ಈ ಕೊನೆಯದಕ್ಕೆ ಆಫ್‌ಸೆಟ್ ಎನ್ನುತ್ತಾರೆ. ಚಕ್ರ ಹೊರಕ್ಕೆ ಸರಿದರೆ ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಿ ವಾಹನ ಸ್ವಲ್ಪ ಭದ್ರವಾಗಿ ನಿಲ್ಲುವುದು ನಿಜ. ಆದರೆ ಬೇರಿಂಗಿನ ಮೇಲೆ ಭಾರ ಬೀಳುವ ಜಾಗ ಪಲ್ಲಟವಾಗಿ ಅದು ಬೇಗ ಹೋಗುತ್ತದೆ, ಕಲ್ಲಿಗೆ ತಾಗಿದಾಗ ಸ್ಟೀರಿಂಗು ಕೈಯನ್ನು ಒದೆಯುತ್ತದೆ. ರಿಮ್ಮು ಸೀಳಿ ವೆಲ್ಡಿಂಗ್ ಮಾಡಿ ಅಗಲಗೊಳಿಸುವ ಕೆಲಸವನ್ನಂತೂ ಮಾಡಿಸಲೇಬಾರದು.

ಜಾಗದ ಪರೀಕ್ಷೆ

ಜೀಪು ಸಮನೆಲದಲ್ಲಿ ನಿಂತಾಗ ಜಾಗ ಸಾಕಷ್ಟಿದೆಯೆಂದು ಕಾಣುತ್ತದೆ. ನಿಜವಾದ ಪರೀಕ್ಷೆ ಹೀಗೆ: ಮುಂದಿನ ಎಡ ಚಕ್ರ ಮತ್ತು ಹಿಂದಿನ ಬಲ ಚಕ್ರಗಳನ್ನು ಮರದ ದಿಮ್ಮಿಗಳ ಮೇಲೆ ನಿಧಾನವಾಗಿ ಹತ್ತಿಸಬೇಕು. ಆಗ ಆ ಎರಡು ಮೂಲೆಗಳ ಸ್ಪ್ರಿಂಗು ಪೂರ್ತಿ ಕುಗ್ಗುತ್ತದೆ. ಸ್ಟೀರಿಂಗನ್ನು ಎರಡೂ ಕಡೆ ಕೊನೆಯವರೆಗೆ ತಿರುಗಿಸಿ ಟೈರಿಗೂ ಬಾಡಿ, ಸ್ಪ್ರಿಂಗು, ಬ್ರೇಕಿನ ಪೈಪುಗಳಿಗೂ ಇರುವ ಅಂತರವನ್ನು ಅಳೆಯಬೇಕು. ಹೊಸ ಟೈರಿನ ವ್ಯಾಸದಲ್ಲಿ ಹೆಚ್ಚಾಗುವುದರ ಅರ್ಧವನ್ನು, ಅಗಲದಲ್ಲಿ ಹೆಚ್ಚಾಗುವುದರ ಅರ್ಧವನ್ನು ಕಳೆದ ಮೇಲೂ ಒಂದು ಅಂಗುಲ ಉಳಿಯಬೇಕು. ಸರಪಣಿ ಕಟ್ಟುವುದಾದರೆ ಅದರ ದಪ್ಪ ಬೇರೆ. ಇನ್ನೊಂದು ಮೂಲೆ ಜೋಡಿಯನ್ನೂ ಹೀಗೆಯೇ ನೋಡಬೇಕು. ಜಾಗ ಸಾಲದಿದ್ದರೆ ಸಾಲದಿರುವಷ್ಟೇ ಎತ್ತರಿಸುವುದು. ಒಂದೂವರೆ ಅಂಗುಲ ಸಾಕಾಗುವಲ್ಲಿ ನಾಲ್ಕು ಅಂಗುಲ ಎತ್ತರಿಸಿದರೆ ಪ್ರಪೆಲ್ಲರ್ ಶಾಫ್ಟಿನ ಕೋನ ಹೆಚ್ಚಿ ಜಾಯಿಂಟ್ ಕ್ರಾಸುಗಳು ಬೇಗ ಸವೆಯುತ್ತವೆ, ಬ್ರೇಕಿನ ರಬ್ಬರು ಪೈಪು ಎಳೆದುಕೊಳ್ಳುತ್ತದೆ, ಸ್ಟೀರಿಂಗಿನ ಕಡ್ಡಿ ಓರೆಯಾಗಿ ವಾಹನ ದಾರಿಯಲ್ಲಿ ಅತ್ತಿತ್ತ ಅಲೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ಅಪಾಯ ಮಗುಚುವುದು. ಚಕ್ರಗಳ ನಡುವಿನ ಅಂತರ 130 ಸೆಂ.ಮೀ., ಭಾರಕೇಂದ್ರ ನೆಲದಿಂದ 65 ಸೆಂ.ಮೀ. ಎತ್ತರದಲ್ಲಿದೆಯೆಂದು ಭಾವಿಸಿದರೆ, ಅಲ್ಲಾಡದೆ ನಿಂತ ವಾಹನ ಕಾಗದದ ಲೆಕ್ಕದಲ್ಲಿ 45 ಡಿಗ್ರಿ ವಾಲುವವರೆಗೆ ಮಗುಚದು. ಭಾರಕೇಂದ್ರ 6 ಸೆಂ.ಮೀ. ಮೇಲೇರಿದರೆ ಆ ಮಿತಿ ಸುಮಾರು 42 ಡಿಗ್ರಿಗೆ ಇಳಿಯುತ್ತದೆ. ಸ್ಪ್ರಿಂಗು ತಗ್ಗಿನ ಕಡೆ ಕುಗ್ಗುವುದು, ಒಂದು ಚಕ್ರ ಗುಂಡಿಗೆ ಬೀಳುವುದು, ತಿರುವಿನ ವೇಗ ಇವೆಲ್ಲ ಸೇರಿದರೆ ನಿಜವಾದ ಮಿತಿ ಇದಕ್ಕಿಂತ ಬಹಳ ಕೆಳಗೆ. ಹಿಂದೆ ಎಂಟು ಹತ್ತು ಆಳುಗಳು ನಿಂತುಕೊಂಡು, ಮೇಲೆ ಮೂಟೆ ಕಟ್ಟಿಕೊಂಡು ಬರುವ ಎತ್ತರಿಸಿದ ಜೀಪಿಗೆ ಪಕ್ಕದ ಇಳಿಜಾರು ಕ್ಷಮೆ ತೋರಿಸುವುದಿಲ್ಲ. ಭಾರದ ಮೂಟೆಗಳನ್ನು ಕೆಳಗೆ ಹಾಸಿನ ಮೇಲೆಯೇ ಹೇರಬೇಕು, ಜನರನ್ನು ಬೇರೆ ಸರದಿಯಲ್ಲಿ ಕೂರಿಸಿ ತರಬೇಕು.

ನಾಲ್ಕೂ ಒಂದೇ ಸಮ

ತೋಟಗಳಲ್ಲಿ ಬಳಸುವ ಈ ವಾಹನಗಳಲ್ಲಿ ಫೋರ್ ವೀಲ್ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳು ಒಂದೇ ವೇಗದಲ್ಲಿ ತಿರುಗಲೇಬೇಕು. ಹಿಂದೆ 733 ಮಿ.ಮೀ.ನ ಹೊಸ ಟೈರು, ಮುಂದೆ ಸವೆದು 720 ಆಗಿರುವ ಟೈರು ಇದ್ದರೆ ಪ್ರತಿ ಕಿಲೋಮೀಟರಿಗೆ ಸುಮಾರು 18 ಮೀಟರಿನಷ್ಟು ದೂರ ಯಾವುದೋ ಒಂದು ಜೋಡಿ ಜಾರಲೇಬೇಕು. ಕೆಸರಿನಲ್ಲಿ ಅದು ಜಾರುತ್ತದೆ. ಒಣ ನೆಲದಲ್ಲಿ ಜಾರಲಾರದೆ ಗೇರುಪೆಟ್ಟಿಗೆ, ಆಕ್ಸಲುಗಳು ಒಳಗೊಳಗೇ ತಿರುಚಿಕೊಳ್ಳುತ್ತವೆ. ಲಿವರು ಬಿಡಿಸಲು ಬಾರದೆ ಒದ್ದಾಡುವುದು ಇದರ ಕುರುಹು. ನಾಲ್ಕೂ ಟೈರು ಒಂದೇ ಅಳತೆ, ಒಂದೇ ಬಗೆ, ಹೆಚ್ಚುಕಡಿಮೆ ಒಂದೇ ಸವೆತದವಾಗಿರಬೇಕು. ಐದು ಸಾವಿರ ಕಿಲೋಮೀಟರಿಗೊಮ್ಮೆ ಹಿಂದೆ ಮುಂದೆ ಬದಲಿಸಿದರೆ ಸವೆತ ಸಮನಾಗುತ್ತದೆ.

ಕೊಳ್ಳುವಾಗ ಪಕ್ಕೆಯ ಮೇಲಿನ ಭಾರದ ಅಂಕಿ ನೋಡಬೇಕು. 100 ಎಂದರೆ ಒಂದು ಟೈರು 800 ಕಿಲೋ, 105 ಎಂದರೆ 925 ಕಿಲೋ, 109 ಎಂದರೆ 1030 ಕಿಲೋ ಹೊರಬಲ್ಲದು. ಮೂಲ ಟೈರಿಗಿಂತ ಈ ಅಂಕಿ ಕಡಿಮೆಯಿರಬಾರದು. ತಯಾರಾದ ಕಾಲವೂ ನಾಲ್ಕು ಅಂಕಿಗಳಲ್ಲಿರುತ್ತದೆ. 2324 ಎಂದಿದ್ದರೆ 2024ನೆಯ ಇಸವಿಯ 23ನೆಯ ವಾರ. ಕಡಿಮೆ ದರಕ್ಕೆ ಕೊಡುವ ಹಳೆಯ ದಾಸ್ತಾನಿನಲ್ಲಿ ಇದನ್ನು ಮೊದಲು ನೋಡಬೇಕು.

ಕಾನೂನಿನ ಮಾತು

1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಹೇಳಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ಆಗಬಹುದು. ಅಪಘಾತವಾದಾಗ ವಿಮೆಯವರು ತಕರಾರು ತೆಗೆಯುವುದಕ್ಕೂ ಇದು ದಾರಿ ಮಾಡಿಕೊಡುತ್ತದೆ. ಸಾರ್ವಜನಿಕ ರಸ್ತೆಗೆ ಇಳಿಯುವ ಜೀಪಿನ ಮಾಲೀಕರು ಕೈಹಾಕುವ ಮುನ್ನ ಸಾರಿಗೆ ಕಚೇರಿಯಲ್ಲಿ ಮತ್ತು ವಿಮೆ ಕಂಪನಿಯಲ್ಲಿ ಬರವಣಿಗೆಯಲ್ಲಿ ವಿಚಾರಿಸಿಕೊಳ್ಳಬೇಕು. ಅದೇ ಮಾದರಿಯ ಬೇರೆ ಆವೃತ್ತಿಗೆ ತಯಾರಕರೇ ಒದಗಿಸಿರುವ ಟೈರಿನ ಅಳತೆ ಇದ್ದರೆ, ಎತ್ತರಿಸುವ ಗೋಜಿಲ್ಲದೆ ಅದನ್ನೇ ಹಾಕಿಸುವುದು ಹೆಚ್ಚಿನ ತೋಟಗಳಿಗೆ ಸಾಕು.

ಟೈರು ಬದಲಿಸಿದ ಮೇಲೆ ಮೊದಲ 50 ಕಿ.ಮೀ. ಓಡಿಸಿ ಎಲ್ಲ ನಟ್ಟುಗಳನ್ನೂ ಮತ್ತೆ ಬಿಗಿ ಮಾಡಬೇಕು. ಐದನೆಯ ಚಕ್ರವನ್ನೂ ಅದೇ ಅಳತೆಗೆ ಕೊಳ್ಳಬೇಕು. ಹಳೆಯ ಜಾಕು ಎತ್ತರಿಸಿದ ಜೀಪಿಗೆ ಎಟುಕದಿರಬಹುದು. ಅದನ್ನು ಕಣದಲ್ಲಿಯೇ ಒಮ್ಮೆ ಎತ್ತಿ ನೋಡಿ, ಜಾಕಿನ ಕೆಳಗೆ ಇಡಲು ಒಂದು ದಪ್ಪ ಹಲಗೆಯನ್ನು ಜೀಪಿನಲ್ಲಿಯೇ ಇಟ್ಟುಕೊಳ್ಳಬೇಕು. ಕೆಸರಿನಲ್ಲಿ ಹಲಗೆಯಿಲ್ಲದ ಜಾಕು ಜೀಪನ್ನು ಎತ್ತುವ ಬದಲು ತಾನೇ ನೆಲಕ್ಕಿಳಿಯುತ್ತದೆ.